ಹದಿನೆಂಟು ಎಂಎಂ ಹಿಡಿಕೆ

ಅಪ್ಪನ ಹಳೆಯ ರೇಜರ್ ಬಚ್ಚಲಿನ ನೆಲಕ್ಕೆ ಬಿದ್ದ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಅಮ್ಮ ಹೊಲಿಗೆ ಮಷೀನ್ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಹೋಗಿ ಬಾಗಿಲು ತಟ್ಟಿದೆ.

"ಕುಯ್ಕೊಂಡ್ಯಾ ಅಪ್ಪ?"

"ಇಲ್ಲ. ಬಿತ್ತು, ಅಷ್ಟೆ."

ಹೊರಗೆ ಬಂದಾಗ ಮುಖದ ತುಂಬ ನೊರೆ, ನೊರೆಯಡಿ ಗಡ್ಡ ಇದ್ದ ಹಾಗೇ ಇತ್ತು. ಕೈಯಲ್ಲಿದ್ದ ರೇಜರಿನ ಕೆಳತಟ್ಟೆ ಒಂದು ಮೂಲೆಯಲ್ಲಿ ಬಾಗಿತ್ತು. ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ಅದರ ಹಿತ್ತಾಳೆ ಹಿಡಿಕೆ ಪೆನ್ಸಿಲಿನಂತೆ ನುಣ್ಣಗಾಗಿತ್ತು.

ಮೂರು ತಿಂಗಳ ಹಿಂದೆ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಎಣ್ಣೆಗೆ ಕಾಲು ಜಾರಿ ಅಪ್ಪ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಪ್ಲಾಸ್ಟರ್ ಬಿಚ್ಚಿ ಐದು ವಾರವಾಗಿತ್ತು. ಮೂಳೆ ಕೂಡಿದೆ ಎಂದು ಡಾಕ್ಟರ್ ಹೇಳಿದ್ದರು. ಆದರೆ ಕಿರುಬೆರಳು, ಉಂಗುರದ ಬೆರಳು ಎರಡೂ ಪೂರ್ತಿ ಮಡಚುತ್ತಿರಲಿಲ್ಲ. ಅಪ್ಪ ಇಪ್ಪತ್ತಾರು ವರ್ಷ ಲೋಹ ಕಡೆಯುವ ಲೇತ್ ಮಷೀನ್ ಮುಂದೆ ನಿಂತವನು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕೆಲಸ ವಾಪಸು ಮಾಡುತ್ತಿದ್ದುದರಿಂದ ಅಲ್ಲಿ ಅವನನ್ನು ಎಲ್ಲರೂ 'ಮೈಕ್ರಾನ್' ಎಂದೇ ಕರೆಯುತ್ತಿದ್ದರು.

ಹಿಂದಿನ ದಿನ ಫೋರ್ಮನ್ ಫೋನ್ ಮಾಡಿದ್ದರು. ಸೋಮವಾರ ಬಂದರೆ ಸರಿ, ಇಲ್ಲದಿದ್ದರೆ ಆ ಮಷೀನಿಗೆ ಬೇರೆಯವರನ್ನು ಹಾಕಬೇಕಾಗುತ್ತದೆ, ಮೇಲಿನವರು ಕೇಳುತ್ತಿದ್ದಾರೆ ಎಂದಿದ್ದರು. ಅಪ್ಪ ಫೋನ್ ಇಟ್ಟು ನಮಗೊಂದು ತೀರ್ಮಾನ ಹೇಳಿದ.

"ನನ್ನ ಕೆನ್ನೆ ನಾನೇ ಕೆರ್ಕೊಳ್ಳೋಕಾಗದ ಕೈ, ಲೇತಿನ ತಿರುಗೋ ಚಕ್ ಹತ್ರ ಹೋಗಬಾರದು. ಮೊದಲು ಗಡ್ಡ, ಆಮೇಲೆ ಲೇತ್."

"ನಿಮ್ಮ ಗಡ್ಡಕ್ಕೂ ಲೇತ್‌ಗೂ ಏನ್ರೀ ಸಂಬಂಧ?" ಎಂದಳು ಅಮ್ಮ.

ನಾನು ಕೆಲಸ ಮಾಡುವುದು ಕ್ಷೌರದ ಸಾಮಾನಿನ ಅಂಗಡಿಯಲ್ಲಿ. ರೇಜರ್ ಬಿದ್ದ ದಿನ ಸಂಜೆ, ಅಂಗಡಿ ನಡೆಸುವ ಅಕ್ಕನನ್ನು ಕೇಳಿ ಮೂರು ರೇಜರ್ ಮನೆಗೆ ತಂದೆ. ಅಪ್ಪ ಮೇಜಿನ ಮೇಲೆ ಪೇಪರ್ ಹಾಸಿ ಅವನ್ನು ಸಾಲಾಗಿ ಮಲಗಿಸಿದ. ಕಪಾಟಿನಿಂದ ವರ್ನಿಯರ್ ತೆಗೆದ. ಬೂದಿ ಬಣ್ಣದ ಆ ಅಳತೆಪಟ್ಟಿಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ.

ಮೊದಲನೆಯದು ಚಿಟ್ಟೆ ಮಾದರಿ. ಹಿಡಿಕೆಯ ಬುಡ ತಿರುಗಿಸಿದರೆ ತಲೆಯ ಎರಡು ಬಾಗಿಲು ತೆರೆದುಕೊಳ್ಳುತ್ತವೆ, ಬ್ಲೇಡ್ ಇಟ್ಟು ಮುಚ್ಚಿದರೆ ಆಯಿತು. ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಲಟಲಟ ಅಂತಿದೆ."

"ಹೊಸದು ಅಪ್ಪ ಅದು."

"ಹೊಸದೇ ಹೀಗಂದ್ರೆ ಹಳೇದಾದ್ಮೇಲೆ ಸಂಗೀತ ಕಚೇರಿ." ಅದನ್ನು ಪಕ್ಕಕ್ಕೆ ಸರಿಸಿದ.

ಎರಡನೆಯದು ನಾನೇ ಆರಿಸಿದ್ದು. ಉದ್ದ ಹಿಡಿಕೆ, ಕನ್ನಡಿಯಂಥ ಹೊಳಪು. ಕೈಯಲ್ಲಿ ಬಲ ಕಮ್ಮಿ ಇರುವವರಿಗೆ ಉದ್ದ ಹಿಡಿಕೆ ಒಳ್ಳೆಯದು ಎಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ. ಹೌದು ಅಂತಲೋ ಅಲ್ಲ ಅಂತಲೋ ಹೇಳಲು ಇದುವರೆಗೆ ಯಾರೂ ವಾಪಸು ಬಂದಿಲ್ಲ. ಅಪ್ಪ ಬ್ಲೇಡ್ ಇಟ್ಟು, ಮೇಲಿನ ಟೋಪಿ ಕೂರಿಸಿ, ಹಿಡಿಕೆ ತಿರುಗಿಸಿ ಬಿಗಿ ಮಾಡಿದ. ಅಷ್ಟಕ್ಕೆ ನಿಲ್ಲಲಿಲ್ಲ. ಮಷೀನಿನ ಮೇಲೆ ಯಾವುದೂ ಸಡಿಲ ಇರಬಾರದು ಎಂದು ಕಲಿತವನು. ಬಟ್ಟೆ ಸುತ್ತಿ ಎಡಗೈಯಿಂದ ಇನ್ನೊಂದು ಸುತ್ತು ಕೊಟ್ಟ. ಟಕ್ ಎಂದಿತು. ಟೋಪಿ ಕೈಗೇ ಬಂತು, ಅದರ ಸ್ಕ್ರೂ ಅರ್ಧ ಹಿಡಿಕೆಯೊಳಗೇ ಉಳಿಯಿತು.

"ಬೆರಳಲ್ಲಿ ತಿರುಗಿಸಿದ್ರೆ ಸಾಕಿತ್ತಪ್ಪ!"

ಅಪ್ಪ ಮುರಿದ ಜಾಗವನ್ನು ಬೆಳಕಿಗೆ ಹಿಡಿದ. "ಎರಕ ಹೊಯ್ದ ಮಾಲು. ಮೇಲೆ ಹೊಳಪು, ಒಳಗೆ ಬಿಸ್ಕತ್ತು."

"ಈ ಮನೇಲಿ ಒಂದು ಡಬ್ಬಿ ಮುಚ್ಚಳ ತೆಗೆಯೋಕೂ ನನಗಾಗಲ್ಲ," ಎಂದಳು ಅಮ್ಮ ನೂಲು ಕಡಿಯುತ್ತ. "ಎಲ್ಲಾ ಇವರೇ ಮುಚ್ಚಿರೋದು."

ಮೂರನೆಯದು ಸ್ಟೀಲಿನದು, ಗಿಡ್ಡ, ಭಾರ. ಅಪ್ಪ ಬ್ಲೇಡ್ ಹಾಕಿ ಈ ಸಲ ಬೆರಳಲ್ಲೇ ಬಿಗಿ ಮಾಡಿದ. ಬ್ಲೇಡ್ ಎರಡು ಪಕ್ಕದಲ್ಲೂ ಎಷ್ಟೆಷ್ಟು ಹೊರಗಿದೆ ಎಂದು ಅಳೆದ. ಇನ್ನೊಮ್ಮೆ ಅಳೆದ.

"ಇದನ್ನ ಮಾಡಿದವನಿಗೆ ಕೆಲಸ ಗೊತ್ತು," ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಮರುದಿನ, ಶುಕ್ರವಾರ ಬೆಳಿಗ್ಗೆ, ಬಚ್ಚಲಿನ ಬಾಗಿಲು ತೆರೆದೇ ಇತ್ತು. ನಾನು ಹೊಸ್ತಿಲಲ್ಲಿ ನಿಂತೆ.

"ಒತ್ತಬೇಡ. ಅದರ ಭಾರಕ್ಕೇ ಬಿಡು, ಅದೇ ಕೆಳಗಿಳಿಯುತ್ತೆ."

"ನನಗೇ ಪಾಠನಾ?" ಎಂದ. ಆದರೂ ಒತ್ತಲಿಲ್ಲ. ಮೊದಲ ಎಳೆತಕ್ಕೆ ಕೆನ್ನೆಯ ಮೇಲೆ ಎರಡು ಬೆರಳಗಲ ಚರ್ಮ ಕಾಣಿಸಿತು. ಕನ್ನಡಿಯೊಳಗಿಂದ ನನ್ನತ್ತ ಹುಬ್ಬು ಹಾರಿಸಿದ. ಎರಡನೆಯ ಎಳೆತಕ್ಕೆ ಸೋಪಿನ ಕೈಯಲ್ಲಿ ಹಿಡಿಕೆ ತಿರುಗಿಕೊಂಡಿತು. ಗಲ್ಲದ ಮೇಲೆ ರಕ್ತ ಬಂತು, ರೇಜರ್ ಬಕೆಟ್ಟಿನೊಳಗೆ ಬಿತ್ತು.

ಅಪ್ಪ ಟವೆಲ್ಲಿನಿಂದ ಮುಖ ಒತ್ತಿಕೊಂಡು ಬಚ್ಚಲಿನ ಸ್ಟೂಲ್ ಮೇಲೆ ಕುಳಿತ.

"ಫೋರ್ಮನ್‌ಗೆ ಫೋನ್ ಮಾಡು ಪುಟ್ಟಿ. ಮಷೀನ್ ಯಾರಿಗಾದರೂ ಕೊಟ್ಟುಬಿಡಲಿ."

ಸಮಾಧಾನದ ಮಾತು ನನಗೆ ಬರುವುದಿಲ್ಲ. ಬಕೆಟ್ಟಿಗೆ ಕೈ ಹಾಕಿ ರೇಜರ್ ತೆಗೆದೆ. ತಲೆ ಚೆನ್ನಾಗಿಯೇ ಇತ್ತು. ತಪ್ಪು ಇದ್ದದ್ದು ಹಿಡಿಕೆಯಲ್ಲಿ: ಸಣ್ಣ, ನುಣುಪು. ಹಿಡಿಕೆ ಬಿಚ್ಚಿ, ಕಿಟಕಿಯ ಮೇಲಿದ್ದ ಹಳೆಯ ರೇಜರಿನ ಹಿಡಿಕೆ ತಿರುಗಿಸಿ ನೋಡಿದೆ. ಸಲೀಸಾಗಿ ಕೂತಿತು.

"ಅಪ್ಪ, ಹಳೇ ಹಿಡಿಕೆ ಇದಕ್ಕೆ ಕೂರುತ್ತೆ."

"ಕೂರದೆ ಏನು? ಎರಡೂ ಐದು ಎಂಎಂ ತ್ರೆಡ್, ಸ್ಕ್ರೂ ಸುತ್ತು ಒಂದೇ." ಹೇಳಿದವನು ಟವೆಲ್ ಕೆಳಗಿಳಿಸಿದ. ನನ್ನ ಕೈಯಲ್ಲಿದ್ದುದನ್ನು ನೋಡಿದ, ತನ್ನ ಎರಡು ಬೆರಳನ್ನು ನೋಡಿದ. "ವರ್ನಿಯರ್ ತಾ."

ಆಮೇಲೆ ಅರ್ಧ ಗಂಟೆ ಮನೆಯಲ್ಲಿದ್ದ ದುಂಡಗಿನದ್ದನ್ನೆಲ್ಲ ಹಿಡಿದು ನೋಡಿದ. ಛತ್ರಿಯ ಹಿಡಿ, ಟಾರ್ಚು, ಪೊರಕೆಯ ಕೋಲು. ಅಮ್ಮನ ಮಷೀನಿನಿಂದ ನೂಲಿನ ರೀಲು ಕಿತ್ತುಕೊಂಡು ಬೈಸಿಕೊಂಡ. ಕೊನೆಗೆ ನನ್ನ ಅಂಗಡಿ ಚೀಲದಲ್ಲಿದ್ದ ದಪ್ಪ ಮಾರ್ಕರ್ ಪೆನ್ನಿಗೆ ನಾಲ್ಕೂ ಬೆರಳು ಸುತ್ತಿಕೊಂಡವು. ಜಗ್ಗಿದೆ, ಬಿಡಲಿಲ್ಲ. ಅಳೆದ.

"ಹದಿನೆಂಟು. ಇಷ್ಟು ದಪ್ಪದ ಹಿಡಿಕೆ ನಿಮ್ಮ ಅಂಗಡೀಲಿದೆಯಾ?"

"ಇಲ್ಲ. ಹದಿನಾಲ್ಕರ ಮೇಲೆ ನಾನು ನೋಡೇ ಇಲ್ಲ."

"ಹಾಗಾದ್ರೆ ಮಾಡ್ಬೇಕು."

"ಯಾರು?"

ಅಪ್ಪ ಮಾರ್ಕರನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಶನಿವಾರ ಅರ್ಧ ದಿನ ರಜೆ ಹಾಕಿ ಅಪ್ಪನ ಜೊತೆ ಹೋದೆ. ವರ್ಕ್‌ಶಾಪಿನ ಬಾಗಿಲಲ್ಲೇ ಫೋರ್ಮನ್ ಸಿಕ್ಕರು.

"ಓಹೋ ಮೈಕ್ರಾನ್! ಏನಿದು ಗಡ್ಡ, ಸನ್ಯಾಸಿ ಆಗಿಬಿಟ್ರಾ?"

"ಕೆಲಸಕ್ಕೆ ಬಂದಿಲ್ಲ. ಒಂದು ಹಿಡಿಕೆ ಮಾಡ್ಕೊಂಡು ಹೋಗ್ತೀನಿ."

"ಮಾಡ್ಕೊಳ್ಳಿ. ಸೋಮವಾರದವರೆಗೆ ಮಷೀನ್ ನಿಮ್ದೇ."

ಅಪ್ಪ ತುಂಡುಗಳ ಡಬ್ಬಿಯಿಂದ ಬೆರಳುದ್ದದ ಹಿತ್ತಾಳೆ ರಾಡ್ ಆರಿಸಿ ಚಕ್ಕಿನ ದವಡೆಗೆ ಕೊಟ್ಟ. ಬಲಗೈಯ ಮೇಲೆ ಎಡಗೈ ಇಟ್ಟು ಬಿಗಿದ. ಮಷೀನ್ ಹಾಕಿದ. ಕೊರೆಯುವ ಟೂಲನ್ನು ರಾಡಿನ ಹತ್ತಿರ ತಂದವನು, ಮುಟ್ಟಿಸದೆ ಹಿಂದೆ ಎಳೆದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ತಂದ. ಈ ಸಲ ಹಳದಿ ಸುರುಳಿ ಎದ್ದು ಕೆಳಗೆ ಉದುರತೊಡಗಿತು. ಚಕ್ರ ತಿರುಗಿಸುವಾಗ ಅವನ ಎರಡು ಬೆರಳು, ಟೀ ಕಪ್ ಹಿಡಿದ ದೊಡ್ಡ ಮನುಷ್ಯರ ಹಾಗೆ, ಮೇಲೆ ನಿಂತಿದ್ದವು. ಫೋರ್ಮನ್ ಅದನ್ನು ನೋಡಿದರು.

ತೂತು ಹೊಡೆದ, ತ್ರೆಡ್ ಹಾಕಿದ, ನಡುವೆ ಎರಡು ಸಲ ನಿಂತು ಮಣಿಕಟ್ಟು ನೀವಿಕೊಂಡ. ಹಿಂದೆ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸ ಎರಡು ಗಂಟೆ ಹಿಡಿಯಿತು. ವರ್ನಿಯರ್ ಇಟ್ಟಾಗ ಫೋರ್ಮನ್ ಭುಜದ ಮೇಲಿಂದ ಬಗ್ಗಿದರು.

"ಹದಿನೆಂಟು ಪಾಯಿಂಟ್ ಸೊನ್ನೆ ನಾಲ್ಕು. ನಲವತ್ತು ಮೈಕ್ರಾನ್ ಜಾಸ್ತಿ!" ಎಷ್ಟೋ ವರ್ಷದಿಂದ ಕಾದಿದ್ದವರಂತೆ ಹೇಳಿದರು.

ಅಪ್ಪನ ಕೈ ಟೂಲಿನ ಕಡೆ ಹೋಗಿ ನಿಂತಿತು. "ಇರ್ಲಿ ಬಿಡಿ. ಕೆನ್ನೆಗೆ ಅಳತೆ ಬರೆದ ಡ್ರಾಯಿಂಗ್ ಇರಲ್ಲ."

ಅವನು 'ಇರ್ಲಿ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹಲ್ಲಿರುವ ಪುಟ್ಟ ಗಾಲಿಗಳನ್ನು ಒತ್ತಿ ಹಿಡಿಕೆಯ ಮೈಮೇಲೆ ಒರಟು ಗೀರು ಮೂಡಿಸಿದ, ಜಾರಬಾರದು ಎಂದು.

ಮನೆಯಲ್ಲಿ ಅಮ್ಮ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಗಡ್ಡ ಆದ್ಮೇಲೆ ಲೇತ್ ಅಂದಿದ್ರಲ್ಲ?"

"ಇದು ಕೆಲಸ ಅಲ್ಲ ಕಣೇ."

"ಎರಡು ಗಂಟೆ ಮಷೀನ್ ಮುಂದೆ ನಿಂತು ಬಂದಿದೀರಿ. ಕೆಲಸ ಅಲ್ದೆ ಮತ್ತೇನು, ವಾಕಿಂಗಾ?"

ಅಪ್ಪ ಹಿಡಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡ. ಭಾನುವಾರವಿಡೀ ಗಡ್ಡದ ಸುದ್ದಿ ಎತ್ತಲಿಲ್ಲ. ಆ ಹಿಡಿಕೆಯನ್ನು ಮಾತ್ರ ಕೈಯಿಂದ ಇಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿತ್ತು. ಅಮ್ಮ ಹೊಲಿಗೆ ಮಷೀನಿನ ಮುಂದೆ ಸುಮ್ಮನೆ ಕುಳಿತಿದ್ದಳು, ತುಳಿಯುತ್ತಿರಲಿಲ್ಲ. ಒಳಗಿನಿಂದ ಬ್ಲೇಡ್ ಕೂದಲು ಕೆರೆಯುವ ಸದ್ದು, ನೀರಿನಲ್ಲಿ ಅದ್ದಿದ ಸದ್ದು, ಮತ್ತೆ ಕೆರೆತ. ಒಮ್ಮೆ "ಸ್ಸ್" ಎಂದ. ನಾನು ಎದ್ದೆ. ಅಮ್ಮ ಕೂತ್ಕೋ ಎಂದು ಕೈಸನ್ನೆ ಮಾಡಿದಳು. ಕೆರೆತ ಮುಂದುವರಿಯಿತು.

ಹೊರಗೆ ಬಂದಾಗ ಗಲ್ಲದ ಮೇಲೆ ಪೇಪರಿನ ಚೂರು ಅಂಟಿತ್ತು. ಮೂರು ತಿಂಗಳು ಬಿಸಿಲು ಕಾಣದ ಕೆನ್ನೆ ಬಿಳಿಚಿಕೊಂಡಿತ್ತು.

"ಹಲೋ ಫೋರ್ಮನ್," ಎಂದ ಫೋನಿನಲ್ಲಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಹೊರಟೆ. ಯಾರಾದ್ರೂ ನನ್ನ ಸ್ಟೂಲ್ ತಗೊಂಡಿದ್ರೆ ವಾಪಸ್ ಇಡೋಕೆ ಹೇಳಿ."

ಎಡ ಕಿವಿಯ ಕೆಳಗೆ, ದವಡೆಯ ತಿರುವಿನಲ್ಲಿ, ಕಡ್ಡಿಪೆಟ್ಟಿಗೆಯಷ್ಟಗಲ ಗಡ್ಡ ಹಾಗೇ ಉಳಿದಿತ್ತು. ನಾನೂ ಅಮ್ಮನೂ ಅದನ್ನು ನೋಡಿದೆವು, ಒಬ್ಬರನ್ನೊಬ್ಬರು ನೋಡಿಕೊಂಡೆವು. ಹೇಳಿದ್ದರೆ ಮತ್ತೆ ನೊರೆ ಎಬ್ಬಿಸಲು ಒಳಗೆ ಹೋಗುತ್ತಿದ್ದ, ಏಳೂಕಾಲಿನ ಬಸ್ ತಪ್ಪುತ್ತಿತ್ತು.