ಹನ್ನೆರಡನೆಯ ಪತ್ರಿಕೆ

“ದೆವ್ವದ ಕತೆ ಬರೀತಾರಲ್ಲ, ಆ ಅಮ್ಮ ಇವರೇನಾ?” ಎಂದು ಕೇಳುತ್ತಲೇ ಅಪರಿಚಿತನೊಬ್ಬ ನೆರೆದವರನ್ನು ಸರಿಸಿಕೊಂಡು ಒಳಗೆ ಬಂದ. ಗಂಡನ ಶವದ ಪಕ್ಕ ಕೂತಿದ್ದವಳು ಬೆಚ್ಚಿ ತಲೆಯೆತ್ತಿದಳು.

ನಾದಿನಿಗೆ ರೇಗಿತು. “ಯಾರ್ರೀ ನೀವು? ಸಾವಿನ ಮನೇಲಿ ಆಡೋ ಮಾತಾ ಇದು?”

“ತಪ್ಪು ತಿಳ್ಕೋಬೇಡಿ. ಅಂತರ್ಜಾಲದಲ್ಲಿ ಕತೆಗಳ ಪತ್ರಿಕೆ ನಡೆಸ್ತೀನಿ. ಅಮ್ಮನ ಹದಿನಾಲ್ಕು ಕತೆ ನಮ್ಮಲ್ಲೇ ಬಂದಿವೆ.”

“ಮನೆ ತಪ್ಪಿ ಬಂದಿದೀರಿ,” ಎಂದಳು ಅವಳು. “ನಾನು ಬರೆಯೋದು ಪ್ರೇಮಕತೆ.”

ಸಂಪಾದಕ ಪೆಚ್ಚಾದ. “ಗಂಡ ಹೊರಗೆ ಹೋಗದ ಹಾಗೆ ಹೆಂಡತಿ ಚಪ್ಪಲಿ ಬಚ್ಚಿಡ್ತಾಳೆ. ಅವನ ಹೆಜ್ಜೆ ಎಣಿಸ್ತಾ ಬೀದಿಯುದ್ದ ಹಿಂದೆ ಹೋಗ್ತಾಳೆ. ಅದು ನಿಮ್ದೇ ಅಲ್ವಾ? ಓದಿದೋರು ನಿದ್ದೆಗೆಟ್ಟಿದಾರಮ್ಮ.”

ಕತೆ ಅವಳದೇ. ಬಚ್ಚಿಟ್ಟದ್ದು ಕತೆಯಲ್ಲಿ ಮಾತ್ರವೂ ಅಲ್ಲ. ರಜೆ ಬಂತೆಂದರೆ ಅವಳು ಚಪ್ಪಲಿ ಬಚ್ಚಿಡುತ್ತಿದ್ದಳು, ಅವನು ಹುಡುಕದೆ ಮನೆಯಲ್ಲೇ ಕೂರುತ್ತಿದ್ದ. ಅದಕ್ಕಿಂತ ದೊಡ್ಡ ಪ್ರೀತಿ ಯಾವ ಪುಸ್ತಕದಲ್ಲಿದೆ ಹೇಳಿ ನೋಡೋಣ.

* * *

ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಸಂಜೆ ಬಂದು ಹೆಂಡತಿಯ ಕೈಬರಹವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಪತ್ರಿಕೆಗಳಿಗೆ ಕಳಿಸುತ್ತಿದ್ದ; ಅವಳು ಕಂಪ್ಯೂಟರು ಮುಟ್ಟಿದವಳಲ್ಲ. ಕಣ್ಣು ಪರೀಕ್ಷೆಯ ಹಳೇ ಚೀಟಿಗಳ ಬೆನ್ನಿಗೆ ಒಂದೊಂದು ಪತ್ರಿಕೆಯ ಜಾತಕ ಬರೆದಿಟ್ಟಿದ್ದ: ಯಾರಿಗೆ ಪತ್ತೇದಾರಿ ಬೇಕು, ಯಾರಿಗೆ ಮಕ್ಕಳ ಕತೆ, ಎಷ್ಟು ಪದ, ಉತ್ತರಕ್ಕೆ ಎಷ್ಟು ದಿನ.

“ಇವರು ಪ್ರೇಮಕ್ಕೇ ಮೀಸಲಂತೆ. ಆದ್ರೆ ಕೊನೆ ಸುಖವಾಗಿರ್ಬೇಕಂತೆ ಕಣೇ.”

“ನಂದೂ ಸುಖವಾಗೇ ಇದೆಯಲ್ಲ. ಕೊನೇಲಿ ಅವನು ಎಲ್ಲೂ ಹೋಗಲ್ಲ.”

ಅವನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

ಹನ್ನೊಂದು ಪ್ರೇಮ ಪತ್ರಿಕೆಗಳು ಕತೆಯನ್ನು ಗೋಡೆಗೆಸೆದ ಚೆಂಡಿನಂತೆ ವಾಪಸು ಕಳಿಸಿದವು. ಅವಳು ಊಟ ಬಿಟ್ಟಳು. ಹನ್ನೆರಡನೆಯದು ಒಪ್ಪಿತು.

“ಇದೂ ಪ್ರೇಮದ್ದೇ ತಾನೇ?”

“ಹೂಂ,” ಅಂದ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಅವಳು ಏಕೆ ಅನುಮಾನ ಪಡುತ್ತಾಳೆ?

* * *

“ಕತೆ ಕಳಿಸೋವಾಗ ಇವರು ಏನಂತ ಬರೆದಿದ್ರು?” ಎಂದು ಸಂಪಾದಕನನ್ನು ಕೇಳಿದಳು. ದೆವ್ವವೋ ಪ್ರೇಮವೋ, ಓದುಗರು ಏನಾದರೂ ಅಂದುಕೊಳ್ಳಲಿ. ಗಂಡ ಏನಂದುಕೊಂಡಿದ್ದ ಎನ್ನುವುದಷ್ಟೇ ಈಗ ಅವಳಿಗೆ ಬೇಕಿತ್ತು.

“ಬೇಡಮ್ಮ, ಇವತ್ತು.”

“ತೋರಿಸಿ.”

ಸಂಪಾದಕ ಒಲ್ಲದ ಮನಸ್ಸಿನಿಂದ ಫೋನು ಚಾಚಿದ. ಅವಳು ಓದಿದಳು.

‘ಇದನ್ನು ನನ್ನ ಹೆಂಡತಿ ಪ್ರೇಮಕತೆ ಎಂದೇ ಬರೆದಿದ್ದಾಳೆ. ಟೈಪು ಮಾಡುವಾಗ ನನಗೆ ಭಯವಾಗುತ್ತದೆ, ಏಕೆಂದರೆ ಇದರಲ್ಲಿ ಕಟ್ಟುಕತೆ ಏನೂ ಇಲ್ಲ. ಆದರೂ ಒಂದಕ್ಷರ ತಿದ್ದಬೇಡಿ, ನೊಂದುಕೊಳ್ಳುತ್ತಾಳೆ. ನಿಮ್ಮದು ಭಯದ ಪತ್ರಿಕೆ ಎಂದು ಅವಳಿಗೆ ತಿಳಿಯದಿರಲಿ.’

ಎರಡನೇ ಸಲ ಓದುವಷ್ಟರಲ್ಲಿ ಹೊರಗೆ ಗಾಡಿ ಬಂದು ನಿಂತಿತು. ಹೊರುವವರು ನಾಲ್ಕು ಮಂದಿ ಒಳಗೆ ಬಂದರು.

“ಅತ್ತಿಗೆ, ಕಡೇ ಸಲ ಅಣ್ಣನ ಕೈ ಹಿಡ್ಕೊಂಬಿಡಿ. ಹೊತ್ತಾಯ್ತು,” ಎಂದಳು ನಾದಿನಿ.

ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಅವಳು ಒಮ್ಮೆಯೂ ಅವನನ್ನು ಕೇಳಿ ಕೈ ಹಿಡಿದವಳಲ್ಲ. ಮುಂದೆ ಚಾಚಿದ ಕೈ ಅವನ ಬೆರಳುಗಳಿಂದ ಅಂಗುಲ ದೂರದಲ್ಲಿ ನಿಂತಿತು.

“ಹಿಡ್ಕೊಳ್ಳಲಾ?” ಎಂದು ಮೆಲ್ಲಗೆ ಕೇಳಿದಳು.

ಹೊರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಚಾಚಿದ ಕೈಯನ್ನು ಹಿಂದೆಗೆಯದೆ ಅವನ ಉತ್ತರಕ್ಕೆ ಕಾಯುತ್ತಿದ್ದಳು.