ಹಳದಿ ಗೆರೆ

"ಬಿಡೇ, ಎಷ್ಟು ಉಜ್ಜುತೀಯಾ? ಮದುವೆ ದಿನಾನೇ ಹೋಗದ ಮಸಿ, ಈಗ ಹೋಗುತ್ತಾ?" ಎಂದರು ಅತ್ತೆ. "ಫೋಟೋದಲ್ಲಿ ನಮ್ಮಣ್ಣ ಕೈ ಹಿಂದಕ್ಕೆ ಕಟ್ಕೊಂಡಿರೋದು ಗತ್ತಿಗಲ್ಲ ಕಣೇ."

ಮಗಳು ಬಿಡಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅಪ್ಪನ ಉಗುರುಗಳನ್ನು ಒಂದೊಂದಾಗಿ ತಿಕ್ಕುತ್ತಲೇ ಇದ್ದಳು. ನಲವತ್ತು ವರ್ಷ ಇಂಜಿನ್ ಕಟ್ಟಿದ ಕೈ. ಗ್ರೀಸು ಸುಲಭಕ್ಕೆ ಜಗ್ಗುವಂಥದ್ದಲ್ಲ.

ಅವಳ ತಮ್ಮ ಬಂದು ಬಾಗಿಲಲ್ಲಿ ನಿಂತ. "ಅಕ್ಕಾ, ಸ್ಮಶಾನದ ಗಾಡಿ ಅರ್ಧ ಗಂಟೇಲಿ ಬರುತ್ತಂತೆ." ದನಿ ತಗ್ಗಿಸಿದ. "ನಾಡಿದ್ದು ರೇಸಿಗೆ ಹೋಗ್ದಿದ್ರೆ ಅಪ್ಪ ಎದ್ದು ಬಂದು ಬೈತಾರೆ. ಅವರು ಕಟ್ಟಿದ ಇಂಜಿನ್ನೇ ಹಾಕೋಣ. ನೀನು ಕಟ್ಟಿದ್ದಕ್ಕೆ 'ನೋಡೋಣ' ಅಂದಿದ್ರಲ್ಲ."

"ಹೂಂ."

ರೇಸಿನಲ್ಲಿ ಕಾರು ಓಡಿಸುವವನು ಅವನು. ಆ ಮನೆಯಲ್ಲಿ 'ನೋಡೋಣ' ಎಂದರೆ 'ಬೇಡ' ಎಂದೇ ಅರ್ಥ.

ಹೆಬ್ಬೆರಳಿನ ಮಸಿ ಬಿಟ್ಟಿತು. ಅಡಿಯಲ್ಲಿ ಹೊಸ ಹಳದಿ ಬಣ್ಣ. ಮಗಳ ಕೈ ನಿಂತಿತು.

*

ಕಳೆದ ವಾರ ಗ್ಯಾರೇಜಿನಲ್ಲಿ, ಏಳು ಸಮುದ್ರದಾಚೆ ಜೀವ ಬಚ್ಚಿಟ್ಟ ರಾಕ್ಷಸರಂತೆ, ಎರಡು ಇಂಜಿನ್‌ಗಳು ಸುಮ್ಮನೆ ಕೂತಿದ್ದವು. ಒಂದು ಅಪ್ಪ ಕಟ್ಟಿದ್ದು, ಒಂದು ಅವಳದು.

"ನಿಮಿಷಕ್ಕೆ ಏಳು ಸಾವಿರ ಸುತ್ತು ದಾಟಿದ ಮೇಲೆ ನಿಂದು ಹುಲಿ. ಅದಕ್ಕೂ ಮುಂಚೆ?" ಎಂದಿದ್ದರು ಅಪ್ಪ.

"ಮುಂಚೆ ಏನು?"

"ಬೆಟ್ಟದ ರಸ್ತೆ, ಮಗಳೇ. ಹೆಜ್ಜೆಗೊಂದು ತಿರುವು. ತಿರುವಿಂದ ಎಳೀದೆ ಬರೀ ಕೂಗಿದ್ರೆ ಏನು ಬಂತು?"

"ಹಾಗಾದ್ರೆ ನಂದು ಬೇಡ್ವಾ?"

"ನೋಡೋಣ."

ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಅಪ್ಪ ಊಟ ಮಾಡಿ ಮಲಗಿದಾಗ, ತನ್ನ ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ಹುಲಿಯಾಗಿ ಕೂಗಿಸುತ್ತಿದ್ದ ಕ್ಯಾಮ್‌ಶಾಫ್ಟ್ ದಂಡ ತೆಗೆದು, ಕಡಿಮೆ ಸುತ್ತಿನಲ್ಲೇ ಎಳೆಯುವ ಸಾಧುವಾದದ್ದೊಂದನ್ನು ಹಾಕಿದಳು. ಹೇಳಲಿಲ್ಲ. ಹಟ.

ಕೆಲಸ ಮನಸ್ಸಿಗೆ ಬಂದರೆ ಅಪ್ಪ ಬೋಲ್ಟುಗಳನ್ನು ಕೊನೆಯ ಸಲ ಬಿಗಿದು, ಒಂದೊಂದರ ಮೇಲೂ ಹೆಬ್ಬೆರಳ ಉಗುರಿನಿಂದ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದರು. ಗೆರೆಯಿಲ್ಲದ ಇಂಜಿನ್ ಆ ಗ್ಯಾರೇಜಿನ ಹೊಸಿಲು ದಾಟುತ್ತಿರಲಿಲ್ಲ. ನಿನ್ನೆ ಆಯಿಲ್ ತರಲು ಅವಳು ಹೊರಟಾಗ ಎರಡರ ಮೇಲೂ ಗೆರೆಯಿರಲಿಲ್ಲ. ಬಂದು ನೋಡಿದರೆ ಅಪ್ಪ ಕುರ್ಚಿಯಲ್ಲಿ, ತೂಕಡಿಸಿದವರ ಹಾಗೆ.

*

ಅವಳು ಗ್ಯಾರೇಜಿಗೆ ಓಡಿದಳು. ಅಪ್ಪನ ಇಂಜಿನ್ನಿನ ಬೋಲ್ಟುಗಳು ಬೋಳಾಗಿದ್ದವು. ತನ್ನದರ ಮೇಲಿನ ಬಟ್ಟೆ ಸರಿಸಿದಳು. ಮುಚ್ಚಳದ ಅಂಚಿನಲ್ಲಿ ಅಪ್ಪನ ಗ್ರೀಸು ಬೆರಳಿನ ಗುರುತು; ಬಿಚ್ಚಿ ಒಳಗೆ ನೋಡಿ ಮತ್ತೆ ಕೂರಿಸಿದ್ದರು. ಒಂಬತ್ತು ಬೋಲ್ಟು, ಒಂಬತ್ತು ಹಳದಿ ಗೆರೆ. ಹತ್ತನೆಯದು ಖಾಲಿ.

ಬೋಲ್ಟು ತಿರುಗಿಸುವ ಪಾನ ಹಿಡಿದು, 'ಟಕ್' ಎನ್ನುವವರೆಗೆ ಅದನ್ನು ಬಿಗಿದಳು. ಬಣ್ಣದ ಡಬ್ಬಿಗೆ ಹೆಬ್ಬೆರಳು ಅದ್ದಿದಳು.

ಅಂಗಳದಲ್ಲಿ ಗಾಡಿ ನಿಂತಿತ್ತು. "ಈ ಒಂದು ಉಗುರು ಹಾಗೇ ಬಿಟ್ಟೆಯಲ್ಲೇ!" ಎಂದರು ಅತ್ತೆ.

"ಇರಲಿ ಅತ್ತೆ."

ತಮ್ಮ ಅವಳ ಕೈ ನೋಡಿದ. "ಯಾವುದಕ್ಕೆ?"

"ನಂದಕ್ಕೆ."

ಗಾಡಿಯ ಬಾಗಿಲು ಮುಚ್ಚುವ ತನಕ ಅವಳು ಅಪ್ಪನ ಕೈ ಹಿಡಿದಿದ್ದಳು. ಎರಡು ಹೆಬ್ಬೆರಳು, ಎರಡು ಹಳದಿ ಉಗುರು. ಒಂದು ಒಣಗಿತ್ತು, ಒಂದು ಇನ್ನೂ ಹಸಿ.