ಸಂಚಿಯೊಳಗಿನ ಚಾಳೀಸು

ಇಳಕಲ್ಲಿನ ಆ ಓಣಿಯಲ್ಲಿ ಸಾವಿತ್ರೆವ್ವನ ಬಾಯಿಗೆ ಹೆದರದವರಿರಲಿಲ್ಲ, ಅವಳ ಕೈಯನ್ನು ಹೊಗಳದವರೂ ಇರಲಿಲ್ಲ. ಸೀರೆಯ ಮೈಗೆ ಹತ್ತಿ ಎಳೆ, ಸೆರಗಿಗೆ ಕೆಂಪು ರೇಷ್ಮೆ ಎಳೆ. ಒಂದೊಂದು ಹತ್ತಿ ಕುಣಿಕೆಗೆ ಒಂದೊಂದು ರೇಷ್ಮೆ ಕುಣಿಕೆ ಸಿಕ್ಕಿಸಿ ಎರಡನ್ನೂ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಮೂವತ್ತು ವರ್ಷ ಆ ಮನೆಯ ಕೊಂಡಿ ಅವಳದೇ. ಮಗ್ಗದ ಮುಂದಿನ ಆ ಮಣೆಯ ಮೇಲೆ ಬೇರೆಯವರು ಕೂತರೋ, ಅವರ ಗತಿ ಮುಗಿಯಿತು.

ಸೊಸೆ ಶಾರವ್ವನನ್ನಂತೂ ಅದರ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಕಮತಗಿಯ ಮಗ್ಗದ ಮನೆಯ ಮಗಳು, ಕೆಲಸ ಬಲ್ಲವಳು. ಆದರೆ ಚಾಳೀಸು! ಹೆಣ್ಣು ನೋಡಲು ಹೋದಾಗ ಮೂಗಿನ ಮೇಲೆ ಇಲ್ಲದಿದ್ದ ದಪ್ಪ ಗಾಜಿನ ಕನ್ನಡಕ ಮದುವೆಯಾದ ಮೂರನೆಯ ದಿನ ಟ್ರಂಕಿನಿಂದ ಹೊರಬಂತು. "ದೂರದ್ದು ಮಸುಕು ಕಾಣತೈತ್ರಿ ಅತ್ತಿ," ಎಂದು ಹುಡುಗಿ ತಲೆ ತಗ್ಗಿಸಿದಳು. ಆವತ್ತಿನಿಂದ ಆರು ವರ್ಷ ಆ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯಲಿಲ್ಲ, ಕುರುಡಿ ಅಂತಲೇ ಕರೆದರು. "ಏ ಕುಡ್ಡಿ, ನೀರು ತಾ. ಏ ಕುಡ್ಡಿ, ರೊಟ್ಟಿ ಹೊತ್ತೈತಿ, ಅದೂ ಕಾಣವಲ್ದೇನು?" ಮಗ ಅಂದಾನಪ್ಪ ಮಗ್ಗದ ಕುಣಿಯಲ್ಲಿ ಕಾಲಾಡಿಸುತ್ತ ಕಿವುಡನಂತೆ ಇದ್ದುಬಿಡುತ್ತಿದ್ದ. ಹೇಡಿ!

ಎಪ್ಪತ್ತೆಂಟನೆಯ ಇಸವಿಯ ದೀಪಾವಳಿ ಹೊತ್ತಿಗೆ ಸಾವಿತ್ರೆವ್ವನಿಗೇ ಎಳೆಗಳು ಒಂದರ ಮೇಲೊಂದು ಬಿದ್ದಂತೆ ಕಾಣತೊಡಗಿದವು. ವಯಸ್ಸಾದವರಿಗೆಲ್ಲ ಬರುವುದೇ. ಬಾಗಲಕೋಟೆಗೆ ಹೋಗಿ ಒಂದು ಚಾಳೀಸು ಹಾಕಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಯಾವ ಮುಖ ಹೊತ್ತು ಹಾಕಿಸಿಕೊಳ್ಳುವುದು? ಆರು ವರ್ಷ ಉಗುಳಿದ್ದೆಲ್ಲ ತನ್ನ ಮುಖಕ್ಕೇ ಬಂದು ಬೀಳುತ್ತದಲ್ಲ! ಎರಡು ಸೀರೆಗಳ ಕೊಂಡಿ ತಪ್ಪಿ ಸೆರಗು ಸೊಟ್ಟಗಾಯಿತು. "ಈ ಕುಡ್ಡಿ ಕೈಯಾಡಿಸ್ಯಾಳ್ರಿ," ಎಂದು ನೂಲು ಕೊಡುವ ಸಾವುಕಾರ ಕಾಶಪ್ಪನ ಮುಂದೆ ನಾಚಿಕೆಯಿಲ್ಲದೆ ಹೇಳಿದಳು.

ಕಾಶಪ್ಪ ದಡ್ಡನಲ್ಲ. "ನಾಳೆ ಮುಂಜಾನಿ ಬರ್ತೇನಿ. ಹೊಸ ಸೀರಿ ಕೊಂಡಿ ನನ್ನ ಕಣ್ಣಮುಂದ ಹಾಕ್ರಿ. ಇದೂ ಕೆಟ್ಟರ ಆ ಮಣಿ ಮ್ಯಾಲೆ ಇನ್ನ ನೀವು ಕೂಡಂಗಿಲ್ಲ, ನೋಡ್ರಿ," ಎಂದು ಹೋದ.

ಮರುದಿನ ಶಾರವ್ವ ಮುಖ ತೊಳೆಯಲು ಚಾಳೀಸು ತೆಗೆದು ಗೂಡಿನಲ್ಲಿಟ್ಟಳು. ಸಾವಿತ್ರೆವ್ವ ಅದನ್ನು ಲಪಟಾಯಿಸಿ ಹಿತ್ತಲಿಗೆ ಹೋಗಿ ಹಾಕಿಕೊಂಡು ಒಂದು ರೇಷ್ಮೆ ಎಳೆ ಹಿಡಿದು ನೋಡಿದಳು. ಚಾಳೀಸು ಅಂದರೆ ಚಾಳೀಸು, ಯಾರದಾದರೇನು ಅನ್ನುವುದು ಅವಳ ತಿಳಿವಳಿಕೆ. ಆದರೆ ಕೈಯೊಳಗಿನ ಎಳೆ ಇನ್ನಷ್ಟು ಮಸುಕಾಯಿತು, ನೆಲ ತೇಲಿತು. "ಇದರಾಗ ಏನ್ ಕಾಣತೈತೋ ಆ ಕುಡ್ಡಿಗೆ!" ಎನ್ನುತ್ತ ಅದನ್ನು ಎಲೆ ಅಡಿಕೆಯ ಸಂಚಿಗೆ ತುರುಕಿದಳು. ತನಗೆ ಒದಗದ್ದು ಅವಳಿಗೂ ಬೇಡ.

ಕಾಶಪ್ಪ ಬಂದು ಕಂಬಕ್ಕೆ ಒರಗಿದ. ಸಾವಿತ್ರೆವ್ವ ಮಣೆಯ ಮೇಲೆ ಕೂತಳು. ಬೆರಳಿನ ಹಳೆಯ ರೂಢಿಯಿಂದ ಮೊದಲಿನ ಹತ್ತಿಪ್ಪತ್ತು ಎಳೆ ದಾಟಿದವು. ಆಮೇಲೆ ಒಂದು ಕುಣಿಕೆಗೆ ಎರಡು ರೇಷ್ಮೆ, ಮುಂದಿನದಕ್ಕೆ ಒಂದೂ ಇಲ್ಲ.

"ಬೆಳಕು ಸಾಲವಲ್ದ್ರಿ. ನಿಮ್ಮ ರೇಷ್ಮಿನೂ ಜಾಳೈತಿ."

"ಕುಣೀಲಾರದಾಕಿ ನೆಲ ಡೊಂಕು ಅಂದಳಂತ. ಏಳ್ರಿ ಸಾಕು."

"ಹಂಗಾರ ಈ ಕುಡ್ಡೀನ್ನ ಕೂಡಸ್ರಿ! ನೋಡೇಬಿಡೂನು!" ಸಾವಿತ್ರೆವ್ವ ಸಂಚಿಯನ್ನು ಒತ್ತಿ ಹಿಡಿದುಕೊಂಡಳು. ಮಾನ ಹೋಗುವುದಾದರೆ ಇಬ್ಬರದೂ ಹೋಗಲಿ.

ಶಾರವ್ವ ಗೋಡೆ ಹಿಡಿದು ಬರುತ್ತಿದ್ದಳು. ಮೊಣಕಾಲು ಕೊಡಕ್ಕೆ ಬಡಿದು ನೀರು ಚೆಲ್ಲಿತು. "ನನ್ನ ಚಾಳೀಸು ಸಿಗವಲ್ದು," ಎಂದಳು.

"ಸಬೂಬು ಹೇಳಬ್ಯಾಡ. ಕೂಡ್ರು!"

ಶಾರವ್ವ ಕೂತಳು. ಎಳೆಗಳಿಗೆ ಗೇಣಿನಷ್ಟು ಹತ್ತಿರ ಮುಖ ತಂದಳು. ಕುಣಿಕೆ, ಕುಣಿಕೆ, ಕುಣಿಕೆ... ಬೆರಳುಗಳು ಎಲ್ಲೂ ನಿಲ್ಲಲಿಲ್ಲ. ದೂರದ್ದು ಕಾಣದ ಆ ಕಣ್ಣಿಗೆ ಹತ್ತಿರದ್ದು ಯಾವ ಗಾಜಿನ ಹಂಗೂ ಇಲ್ಲದೆ ಚೊಕ್ಕಟವಾಗಿ ಕಾಣುತ್ತಿತ್ತು. ಆರು ವರ್ಷದಲ್ಲಿ ಅದನ್ನು ಒಬ್ಬರೂ ಕೇಳಿರಲಿಲ್ಲ.

ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಕೊಂಡಿ ಮುಗಿಯಿತು. ಕಾಶಪ್ಪ ಕೈಯಾಡಿಸಿ ನೋಡಿದ. "ಒಂದೂ ತಪ್ಪಿಲ್ಲ. ಅಂದಾನಪ್ಪ, ಇನ್ನ ಈ ಮಣಿ ನಿನ್ನ ಹೇಣ್ತೀದು."

"ಆಗ್ಲಿರಿ," ಎಂದ ಅಂದಾನಪ್ಪ. ಆರು ವರ್ಷ ಬಾಯಿ ಬಿಡದವನು!

ಸಾವಿತ್ರೆವ್ವನಿಗೆ ತಡೆಯಲಾಗಲಿಲ್ಲ. ಸಂಚಿಯಿಂದ ಚಾಳೀಸು ಕಿತ್ತು ಹೊಸ್ತಿಲ ಕಲ್ಲಿಗೆ ಅಪ್ಪಳಿಸಿದಳು. ಗಾಜು ಚೂರುಚೂರಾಯಿತು.

ಶಾರವ್ವ ತಿರುಗಿಯೂ ನೋಡಲಿಲ್ಲ. "ಒಡೀರಿ ಅತ್ತಿ. ಕೊಂಡಿಗೆ ಅದು ಬೇಕಾಗಿಲ್ಲ. ದೂರ ನಿಂತ ನಿಮ್ಮ ಮಾರಿ ಕಾಣಲಿ ಅಂತ ಹಾಕ್ಕೋತಿದ್ದೆ. ಇನ್ನ ಅದೂ ಬ್ಯಾಡಾತು."

ಸಾವಿತ್ರೆವ್ವ ಆ ಮನೆಯಲ್ಲಿ ಇನ್ನು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದಳು.